ಕಣ್ಣಿನಿಂದ ಕೇಳುವ ಕಿವಿ



ಹೊರದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸುವ ಗಂಡ ಹೆಂಡಿರ ದಿನಗಳು ಹೇಗೆ ಕಳೆಯುತ್ತವೆ ಎಂದು ನೀವು ಯೋಚಿಸಿದ್ದೀರಾ? ನಾನಂತೂ ಯೋಚಿಸಿರಲಿಲ್ಲ. ನನ್ನ ಚಿಕ್ಕಪ್ಪನ ಮಗಳು ಮತ್ತು ಅವಳ ಗಂಡ 2011ರಿಂದ ಎರಡು ವರ್ಷ ದಕ್ಷಿಣ ಕೊರಿಯಾದ ದೇಗು ನಗರದಲ್ಲಿ ಈ ಕೆಲಸ ಮಾಡಿದರು. ಹಿಂತಿರುಗುವಾಗ ಬೆಂಗಳೂರಿನ ನಮ್ಮ ಮನೆಯಲ್ಲಿ ಹತ್ತು ದಿನ ಉಳಿದರು. ಆಗ ಕೇಳಿದ ಸಂಗತಿಯೊಂದು ನನ್ನ ಕಸುಬನ್ನೇ ಸ್ವಲ್ಪ ಬದಲಿಸಿತು. ಅದನ್ನು ನಿಮ್ಮ ಮುಂದಿಡುತ್ತೇನೆ.

ಇಬ್ಬರೂ ಕೆನಡಾದ ಟೊರಾಂಟೊದಲ್ಲಿ ಹುಟ್ಟಿ ಬೆಳೆದವರು, ಒಂದೇ ಹೈಸ್ಕೂಲಿನಲ್ಲಿ ಓದಿದವರು. ಇಬ್ಬರಾಡುವ ಇಂಗ್ಲಿಷೂ ಒಂದೇ. ಅವಳದು ನಮ್ಮ ಮನೆಯವರ ಮೈಬಣ್ಣ, ಆತ ಬಿಳಿಯ. ಅವಳು ಶಿಕ್ಷಕ ತರಬೇತಿ ಪಡೆದು ನಾಲ್ಕು ವರ್ಷ ಪಾಠ ಹೇಳಿದ್ದಳು. ಆತ ಲೆಕ್ಕಪತ್ರದ ಕೆಲಸ ಬಿಟ್ಟು ಹೆಂಡತಿಯ ಜೊತೆ ಹೊರಟವನು. ಇಷ್ಟನ್ನು ನೆನಪಿಡಿ.

ಕೊರಿಯಾ ಸರ್ಕಾರ ಇಂಗ್ಲಿಷ್ ಶಿಕ್ಷಕರ ವೀಸಾವನ್ನು ಸಾಮಾನ್ಯವಾಗಿ ಏಳು ದೇಶಗಳ ಪೌರರಿಗೆ ಕೊಡುತ್ತದೆ. ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕ. ಜೊತೆಗೊಂದು ಪದವಿ ಬೇಕು. ಅದು ಯಾವ ವಿಷಯದ್ದಾದರೂ ನಡೆಯುತ್ತದೆ. ಹೀಗಾಗಿ ಲೆಕ್ಕಪತ್ರದವನೂ ಮೇಷ್ಟ್ರಾದ.

ಅಲ್ಲಿ ಇಂಗ್ಲಿಷಿಗೆ ಇರುವ ಬೆಲೆ ಎಷ್ಟೆಂದರೆ, ನವೆಂಬರ್ ತಿಂಗಳಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ನಡೆಯುವ ದಿನ, ಇಂಗ್ಲಿಷ್ ಕೇಳಿ ಉತ್ತರಿಸುವ ಭಾಗದ ಹೊತ್ತಿಗೆ ದೇಶದ ವಿಮಾನಗಳ ಹಾರಾಟ, ಇಳಿದಾಟಗಳನ್ನೇ ತಡೆಹಿಡಿಯುತ್ತಾರೆ. ಮಕ್ಕಳ ಕಿವಿಗೆ ಸದ್ದು ಅಡ್ಡ ಬರಬಾರದಲ್ಲ! ಶಾಲೆ ಮುಗಿದ ಮೇಲೆ ಮಕ್ಕಳು ಹೋಗುವ ಖಾಸಗಿ ಪಾಠಶಾಲೆಗಳಿಗೆ 'ಹಾಗ್‌ವನ್' ಎಂದು ಹೆಸರು. ನಮ್ಮ ಟ್ಯೂಷನ್ನಿನ ದೊಡ್ಡಣ್ಣ ಎನ್ನಿ. ಇವರಿಬ್ಬರೂ ಅಂಥ ಒಂದರಲ್ಲಿ ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತರವರೆಗೆ ದುಡಿಯುತ್ತಿದ್ದರು.

ವಾಸಕ್ಕೆ ಪಾಠಶಾಲೆಯವರೇ ಕೊಟ್ಟ ಒಂದು ಕೋಣೆಯ ಮನೆ. ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ನೆಲದಡಿಯ ಕೊಳವೆಗಳಲ್ಲಿ ಬಿಸಿನೀರು ಹರಿದು ಚಳಿಗಾಲದಲ್ಲಿ ನೆಲವೇ ಬೆಚ್ಚಗಿರುತ್ತದೆ. ಹಿಂದೆ ಒಲೆಯ ಬಿಸಿಹೊಗೆಯನ್ನೇ ಕಲ್ಲುಚಪ್ಪಡಿಗಳ ಅಡಿಯಲ್ಲಿ ಹಾಯಿಸುತ್ತಿದ್ದರಂತೆ. ಕಸ ಹಾಕಲು ಸ್ಥಳೀಯ ಆಡಳಿತದ ಚೀಲವನ್ನೇ ದುಡ್ಡು ಕೊಟ್ಟು ತರಬೇಕು. ಉಳಿದ ಅನ್ನ, ತರಕಾರಿ ಸಿಪ್ಪೆಗಳಿಗೆ ಬೇರೆ ವ್ಯವಸ್ಥೆ. ಸಸ್ಯಾಹಾರಿಯಾದ ಇವಳಿಗೆ ಹೋಟೆಲಿನ ಊಟವೇ ದೊಡ್ಡ ಸಮಸ್ಯೆ. ಸಾರಿನಲ್ಲಿ ಒಣಮೀನು, ಎಲೆಕೋಸಿನ ಕಿಮ್‌ಚಿಯಲ್ಲೂ ಮೀನಿನ ರಸ. ಬೆಳಿಗ್ಗೆ ಮನೆಯಲ್ಲೇ ಅನ್ನ ಮಾಡಿ, ಅಮ್ಮ ಕಳಿಸಿದ ಸಾರಿನ ಪುಡಿಯಿಂದ ತಿಳಿಸಾರು ಕಾಯಿಸುತ್ತಿದ್ದಳು.

"ಅಣ್ಣಾ, ಕ್ಲಾಸಲ್ಲಿ ಮಾತ್ರ ನಾನು ಮೇಡಂ. ಸಂತೆಗೆ ಹೋದರೆ ಅಕ್ಷರ ಬಾರದವಳು" ಎಂದು ನಗುತ್ತಿದ್ದಳು. ಆದರೆ ಬೇಗ ಓದಲು ಕಲಿತಳು. ದೊರೆ ಸೇಜಾಂಗ್ 1446ರಲ್ಲಿ ಜಾರಿಗೆ ತಂದ ಆ ಲಿಪಿಯಲ್ಲಿ ಈಗ ಮೂಲಾಕ್ಷರಗಳು ಇಪ್ಪತ್ತನಾಲ್ಕೇ. ನಮ್ಮ ಗುಣಿತಾಕ್ಷರದ ಹಾಗೆ ಸ್ವರ ವ್ಯಂಜನಗಳನ್ನು ಒಂದೇ ಕಟ್ಟಿನಲ್ಲಿ ಕೂಡಿಸಿ ಬರೆಯುತ್ತಾರೆ. ಮಕ್ಕಳ ತಪ್ಪುಗಳೂ ಅವಳಿಗೆ ಪರಿಚಿತವೇ. ನಮ್ಮ ಹಳ್ಳಿಯವರು 'ಕಾಪಿ' ಎಂದಂತೆ ಅವರು 'ಕೊಪಿ' ಎನ್ನುತ್ತಾರೆ. ನಾವು 'ಬಸ್'ಗೆ ಉಕಾರ ಹಚ್ಚಿ 'ಬಸ್ಸು' ಮಾಡಿದಂತೆ ಅವರೂ ಕೊನೆಗೊಂದು ಸ್ವರ ಹಚ್ಚುತ್ತಾರೆ. ಅಜ್ಜಿಯ ಮಾತು ಕೇಳಿ ಬೆಳೆದವಳಿಗೆ ಆ ನಾಲಿಗೆಯ ಕಷ್ಟ ತಿಳಿಯುತ್ತಿತ್ತು, ಗಂಡನಿಗೆ ತಿಳಿಯುತ್ತಿರಲಿಲ್ಲ.

ಮೂರು ತಿಂಗಳಾಗುತ್ತಲೇ ಒಬ್ಬ ತಾಯಿ ತನ್ನ ಮಗನನ್ನು ಇವಳ ತರಗತಿಯಿಂದ ಬಿಡಿಸಿ ಗಂಡನ ತರಗತಿಗೆ ಸೇರಿಸಿದಳು. ಕಾರಣ, ಇವಳ ಉಚ್ಚಾರಣೆ 'ನಿಜವಾದ ಇಂಗ್ಲಿಷ್' ಅಲ್ಲ! ಮುಂದಿನ ತಿಂಗಳು ಇನ್ನೂ ಮೂವರು ಹೋದರು. ಪಾಠಶಾಲೆಯ ಹೊಸ ಜಾಹೀರಾತಿನಲ್ಲಿ ಗಂಡನ ಚಿತ್ರವಿತ್ತು, ಇವಳದಿರಲಿಲ್ಲ. ಆತನ ಪಾಠದ ಸಿದ್ಧತೆಯನ್ನೆಲ್ಲ ರಾತ್ರಿ ಮಾಡಿಕೊಡುತ್ತಿದ್ದವಳು ಇವಳೇ. ಕೆಲಸ ಬಿಡೋಣವೆಂದರೆ ವೀಸಾ, ಮನೆ ಎರಡೂ ಆ ಕೆಲಸಕ್ಕೇ ಕಟ್ಟುಬಿದ್ದಿದ್ದವು. ವರ್ಷ ಪೂರೈಸಿದರೆ ಮಾತ್ರ ಒಂದು ತಿಂಗಳ ಸಂಬಳದಷ್ಟು ಇಡುಗಂಟು. ಒಂದೇ ಕೋಣೆಯ ಮನೆಯಲ್ಲಿ ಇಬ್ಬರೂ ಮಾತಿಲ್ಲದೆ ಊಟ ಮಾಡಿದ ರಾತ್ರಿಗಳಿದ್ದವು ಎಂದಳು. "ಅವನ ತಪ್ಪೇನೂ ಇರಲಿಲ್ಲ ಅಣ್ಣಾ. ಅದೇ ಕಷ್ಟ."

ನಾನು ವಿಜ್ಞಾನ ಓದಿದವನು; ಇದನ್ನು ಬರೀ ದ್ವೇಷ ಎಂದು ಬಿಡಲು ಮನಸ್ಸು ಒಪ್ಪಲಿಲ್ಲ. ಆ ತಾಯಿ ಸುಳ್ಳು ಹೇಳಿರಲಿಕ್ಕಿಲ್ಲ. ಅವಳಿಗೆ ನಿಜವಾಗಿಯೂ ಹಾಗೆಯೇ ಕೇಳಿಸಿರಬಹುದು. ಅಮೆರಿಕದ ಡೊನಾಲ್ಡ್ ರುಬಿನ್ 1992ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಅಮೆರಿಕದವಳೇ ಆದ ಒಬ್ಬಾಕೆಯ ಧ್ವನಿಮುದ್ರಿತ ಉಪನ್ಯಾಸವನ್ನು ಕಾಲೇಜು ವಿದ್ಯಾರ್ಥಿಗಳಿಗೆ ಕೇಳಿಸಿದರು. ಕೆಲವರ ಮುಂದೆ ಬಿಳಿಯ ಮಹಿಳೆಯ ಚಿತ್ರ, ಉಳಿದವರ ಮುಂದೆ ಏಷ್ಯಾದ ಮಹಿಳೆಯ ಚಿತ್ರ. ದನಿ ಒಂದೇ. ಏಷ್ಯಾದ ಮುಖ ಕಂಡವರಿಗೆ ಪರದೇಶದ ಉಚ್ಚಾರಣೆ ಕೇಳಿಸಿತು. ಅಷ್ಟೇ ಅಲ್ಲ, ಅವರಿಗೆ ಪಾಠವೂ ಕಡಿಮೆ ಅರ್ಥವಾಯಿತು!

ದೂರದರ್ಶನದಲ್ಲಿ ಕೆಲಸ ಮಾಡುವ ನಮಗೆ ಇದು ಅಚ್ಚರಿಯಲ್ಲ. 'ಗ' ಎನ್ನುವ ಬಾಯಿಯ ಚಿತ್ರಕ್ಕೆ 'ಬ' ಎಂಬ ದನಿ ಕೂಡಿಸಿದರೆ ಅನೇಕರಿಗೆ 'ದ' ಎಂದು ಕೇಳುತ್ತದೆ. ಮೆಗರ್ಕ್ ಮತ್ತು ಮೆಕ್‌ಡೊನಾಲ್ಡ್ 1976ರಲ್ಲೇ ಇದನ್ನು ತೋರಿಸಿದ್ದಾರೆ. ಕಿವಿ ಒಂಟಿಯಾಗಿ ಕೇಳುವುದಿಲ್ಲ. ಕಣ್ಣಿನ ಸಾಕ್ಷಿಯನ್ನೂ ತೆಗೆದುಕೊಳ್ಳುತ್ತದೆ.

ದೇಗುವಿನಲ್ಲಿ ಮುಂದೇನಾಯಿತು? ಶಿಕ್ಷಕರು ವಾರಕ್ಕೊಮ್ಮೆ ಮಕ್ಕಳ ಮನೆಗೆ ಫೋನ್ ಮಾಡಿ ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿಸಬೇಕಿತ್ತು. ಒಂದು ವಾರ ಗಂಡನಿಗೆ ಜ್ವರ ಬಂದು, ಆತನ ಪಟ್ಟಿಯ ಮಕ್ಕಳಿಗೂ ಇವಳೇ ಫೋನ್ ಮಾಡಿದಳು. ಮಾರನೆಯ ದಿನ ಅದೇ ತಾಯಿ ಕಚೇರಿಗೆ ಬಂದು, "ನಿನ್ನೆ ಫೋನಿನಲ್ಲಿ ಮಾತಾಡಿದ ಅಮೆರಿಕದ ಮೇಡಂ ಯಾರು? ನನ್ನ ಮಗ ಮೊದಲ ಸಲ ಬಾಯಿ ಬಿಟ್ಟು ಮಾತಾಡಿದ" ಎಂದಳಂತೆ. ಇವಳು ಪಕ್ಕದಲ್ಲೇ ನಿಂತಿದ್ದಳು. ಹುಡುಗ ಇವಳ ತರಗತಿಗೆ ವಾಪಸು ಬಂದ. ಉಳಿದ ಮೂವರು ಬರಲಿಲ್ಲ. ಜಾಹೀರಾತೂ ಬದಲಾಗಲಿಲ್ಲ. ವರ್ಷ ತುಂಬಿದ ಮೇಲೆ ಗಂಡ ಹೆಂಡಿರು ಬೇರೆ ಪಾಠಶಾಲೆಗೆ ಸೇರಿದರು.

ಕೊರಿಯಾದವರನ್ನು ದೂರಲು ನಾನಿದನ್ನು ಹೇಳಲಿಲ್ಲ. ನಿರೂಪಕರ ಆಯ್ಕೆಗೆ ಕೂತು ನಾನೂ ಎಷ್ಟೋ ಜನರನ್ನು 'ದನಿ ಸಾಲದು' ಎಂದು ಕಳಿಸಿದ್ದೇನೆ. ಸಾಲದೆ ಹೋದದ್ದು ದನಿಯೋ ಮುಖವೋ ಎಂದು ಆಗ ಕೇಳಿಕೊಂಡಿರಲಿಲ್ಲ. ಈಗ ಮೊದಲ ಸುತ್ತಿನಲ್ಲಿ ಮಾನಿಟರ್ ಆರಿಸಿ, ಬರೀ ದನಿ ಕೇಳಿ ಅಂಕ ಹಾಕುತ್ತೇನೆ. ಆಮೇಲೆ ಮುಖ ನೋಡುತ್ತೇನೆ. ಅಂಕ ತಿದ್ದಲು ಕೈ ಹೋಗುವುದುಂಟು. ಹಾಗೆ ಹೋದಾಗ ನನಗೇ ನಾಚಿಕೆಯಾಗುತ್ತದೆ.

ನಿಮ್ಮ ಮಗುವಿಗೆ ಮೇಷ್ಟ್ರನ್ನು ಹುಡುಕುವಾಗ ಅವರ ಬಣ್ಣ, ಉಡುಪು, ಊರುಗಳನ್ನು ನೋಡುವ ಮುಂಚೆ ಒಂದು ಗಳಿಗೆ ಬಾಗಿಲಾಚೆ ನಿಂತು ಪಾಠ ಕೇಳಿ. ಒಳಗೆ ಮಕ್ಕಳು ಬಾಯಿ ಬಿಟ್ಟು ಮಾತಾಡುತ್ತಿದ್ದಾರೆಯೇ? ಹಾಗಿದ್ದರೆ ಆ ಮೇಷ್ಟ್ರನ್ನು ಬಿಡಬೇಡಿ.