ಎರಡು ವ್ಯಸನಗಳು

(ಚಾಂದ್‌ಖೇಡಾದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ನಾಡುನುಡಿಗಳ ವಿಚಾರವನ್ನು ಆಡುವುದು ವಾಡಿಕೆ. ನಾನೂ ಒಂದು ಕನ್ನಡ ಪದದಿಂದಲೇ ಮೊದಲುಮಾಡುತ್ತೇನೆ. ಆ ಪದ ‘ವ್ಯಸನ’. ಪರಿಚಯದವರ ಮನೆಯಲ್ಲಿ ಸಾವಾದರೆ ‘ಬಹಳ ವ್ಯಸನವಾಯಿತು’ ಎನ್ನುತ್ತೇವೆ. ಕುಡಿತಕ್ಕೋ ಜೂಜಿಗೋ ಬಿದ್ದವನನ್ನು ‘ವ್ಯಸನಿ’ ಎನ್ನುತ್ತೇವೆ. ದುಃಖಕ್ಕೂ ದುಶ್ಚಟಕ್ಕೂ ನಮ್ಮ ಹಿರಿಯರು ಒಂದೇ ಮಾತನ್ನು ಬಳಸಿದರು. ದೊಡ್ಡ ಆಟಗಾರನೊಬ್ಬ ಚಟಕ್ಕೆ ಸಿಕ್ಕಿ ಸೊರಗಿದಾಗ ಈ ಎರಡು ಅರ್ಥಗಳೂ ಒಟ್ಟಿಗೆ ಬಂದು ನಿಲ್ಲುತ್ತವೆ: ಆತನದೊಂದು ವ್ಯಸನ, ಅಭಿಮಾನಿಗಳಾದ ನಮ್ಮದೊಂದು ವ್ಯಸನ. ಇವೆರಡರ ಸಂಬಂಧವನ್ನು ಕುರಿತು ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ಚಾಂದ್‌ಖೇಡಾದಲ್ಲಿ ನೆಲೆಸಿರುವ ನಮಗೆ ಆಟದ ಅಭಿಮಾನ ಎಂಥದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮೊಟೇರಾದ ಕ್ರೀಡಾಂಗಣ ನಮಗೆ ನೆರೆಮನೆಯಿದ್ದಂತೆ. 2023ರ ನವೆಂಬರ್ 19ರಂದು ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಭಾರತ ಸೋತದ್ದು ಅಲ್ಲಿಯೇ. 2025ರ ಜೂನ್ 3ರಂದು ಬೆಂಗಳೂರಿನ ತಂಡ ಹದಿನೇಳು ವರ್ಷಗಳ ನಿರಾಶೆಯ ಬಳಿಕ ಮೊದಲ ಬಾರಿಗೆ ಐ.ಪಿ.ಎಲ್. ಕಪ್ಪು ಗೆದ್ದದ್ದೂ ಅಲ್ಲಿಯೇ. ಹಿಂದೆ, 1994ರ ಫೆಬ್ರವರಿ 8ರಂದು, ಅದೇ ಮೊಟೇರಾದಲ್ಲಿ ಶ್ರೀಲಂಕೆಯ ಎದುರು ಕಪಿಲ್ ದೇವ್ ಅವರು 432ನೆಯ ವಿಕೆಟ್ ಪಡೆದು ವಿಶ್ವದಾಖಲೆ ಮಾಡಿದರು. ಆ ದಿನವನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಆದರೆ ಅದೇ ಪಂದ್ಯದಲ್ಲಿ 57 ರನ್ನು ಹೊಡೆದ ಎಡಗೈ ಆಟಗಾರನೊಬ್ಬನಿದ್ದ. ಅದಕ್ಕೆ ಹಿಂದಿನ ಪಂದ್ಯದಲ್ಲಿ, ನಮ್ಮ ಬೆಂಗಳೂರಿನಲ್ಲಿ, ಆತ ಹೊಡೆದದ್ದು 82. ಆತನೇ ಮುಂಬಯಿಯ ವಿನೋದ್ ಕಾಂಬ್ಳಿ.

ಇಂದಿನ ಮಕ್ಕಳಿಗೆ ಕಾಂಬ್ಳಿಯವರ ಹೆಸರು ತಿಳಿದಿದ್ದರೆ ಅದು ಬಹುಶಃ ಕರುಣೆಯ ಕಥೆಯಾಗಿಯೇ ತಿಳಿದಿದ್ದೀತು. ಆದ್ದರಿಂದ ಮೊದಲು ಅವರ ಆಟವನ್ನು ಹೇಳುತ್ತೇನೆ. 1988ರಲ್ಲಿ ಶಾರದಾಶ್ರಮ ವಿದ್ಯಾಮಂದಿರದ ಇಬ್ಬರು ಹುಡುಗರು ಹ್ಯಾರಿಸ್ ಶೀಲ್ಡ್ ಪಂದ್ಯದಲ್ಲಿ ಔಟಾಗದೆ 664 ರನ್ನು ಕೂಡಿಸಿದರು. ಸಚಿನ್ ತೆಂಡೂಲ್ಕರ್ 326, ಕಾಂಬ್ಳಿ 349. ಕಾಂಬ್ಳಿಯವರು 1993ರ ಫೆಬ್ರವರಿಯಲ್ಲಿ ವಾಂಖೆಡೆಯಲ್ಲಿ ಇಂಗ್ಲೆಂಡಿನ ಮೇಲೆ 224 ಹೊಡೆದರು. ಮರುತಿಂಗಳು ದೆಹಲಿಯಲ್ಲಿ ಜಿಂಬಾಬ್ವೆಯ ಮೇಲೆ 227. ಅದೇ ವರ್ಷ ಶ್ರೀಲಂಕೆಗೆ ಹೋಗಿ ಮತ್ತೆರಡು ಶತಕಗಳನ್ನು ಬಾರಿಸಿದರು. ಬರಿಯ 14 ಇನಿಂಗ್ಸುಗಳಲ್ಲಿ ಸಾವಿರ ರನ್ನು ದಾಟಿದರು. ಭಾರತೀಯರಲ್ಲಿ ಅಷ್ಟು ಬೇಗ ದಾಟಿದವರು ಬೇರೊಬ್ಬರಿಲ್ಲ. ಅನಂತರದ ಏಳು ಇನಿಂಗ್ಸುಗಳಲ್ಲಿ ಬಂದದ್ದು 79 ರನ್ನು ಮಾತ್ರ. 1995ರ ನವೆಂಬರಿನಲ್ಲಿ, ಇಪ್ಪತ್ಮೂರನೆಯ ವಯಸ್ಸಿನಲ್ಲಿ, ಅವರ ಟೆಸ್ಟ್ ಆಟ ಮುಗಿಯಿತು. ಒಟ್ಟು 17 ಪಂದ್ಯ, 1084 ರನ್ನು, ಸರಾಸರಿ 54.20. ಇಷ್ಟು ಸರಾಸರಿಯುಳ್ಳವನು ಇಷ್ಟು ಬೇಗ ಮನೆಗೆ ಹೋದದ್ದು ಅಪರೂಪ.

ಇದಕ್ಕೆ ಕಾರಣವೇನು? ‘ಕುಡಿತ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವವರುಂಟು. ಅದು ಪೂರ್ತಿ ನ್ಯಾಯವಲ್ಲ. 1994-95ರಲ್ಲಿ ವೆಸ್ಟ್ ಇಂಡೀಸಿನ ವೇಗದ ಚೆಂಡು ಎದೆಮಟ್ಟಕ್ಕೆ ಎದ್ದು ಬಂದಾಗ ಅವರು ತಡವರಿಸಿದರು. ಮೂರು ಸಲ ಸೊನ್ನೆಗೆ ಔಟಾದರು. ಶಿಸ್ತಿನ ಬಗ್ಗೆ ಮಾತು ಬಂದವು. ಆಯ್ಕೆಗಾರರು ಮತ್ತೆ ಟೆಸ್ಟಿಗೆ ಕರೆಯಲಿಲ್ಲ. ಮದ್ಯದೊಡನೆ ಅವರು ನಡೆಸಿದ ಹೋರಾಟ ಲೋಕಕ್ಕೆ ಸ್ಪಷ್ಟವಾಗಿ ಕಂಡದ್ದು ಬಹಳ ವರ್ಷಗಳ ಮೇಲೆ. ಅದನ್ನು ಅವರೂ ಮುಚ್ಚಿಡಲಿಲ್ಲ. 2024ರ ಡಿಸೆಂಬರಿನಲ್ಲಿ ಗುರು ಆಚ್ರೇಕರ್ ಅವರ ಸ್ಮಾರಕದ ಸಮಾರಂಭದಲ್ಲಿ ಅವರು ಸಚಿನ್ ಅವರ ಕೈ ಹಿಡಿದು ಕುಳಿತಿದ್ದ ಚಿತ್ರವನ್ನು ನೋಡಿ ದೇಶವೇ ಮರುಗಿತು.

ಆಗ ನಾವು ಆಡಿದ ಮಾತೇನು? ‘ಎಂಥ ಪ್ರತಿಭೆ, ಹಾಳುಮಾಡಿಕೊಂಡನಲ್ಲ!’ ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಇದರಲ್ಲಿ ಮರುಕವಿದೆ, ನಿಜ. ಆದರೆ ಸಾಲ ಕೊಟ್ಟವನ ಸಿಟ್ಟೂ ಸ್ವಲ್ಪ ಇದೆ. ನಮಗೆ ಬರಬೇಕಾಗಿದ್ದ ಇನ್ನೂ ಇಪ್ಪತ್ತು ಶತಕಗಳು ಬರಲಿಲ್ಲ ಎಂಬ ಲೆಕ್ಕ ಅದರಲ್ಲಿದೆ. ಆ ಮನುಷ್ಯನ ಆರೋಗ್ಯ, ಸಂಸಾರ, ನೆಮ್ಮದಿ ಇವು ಆ ಲೆಕ್ಕದಲ್ಲಿ ಕೊನೆಗೆ ಬರುತ್ತವೆ. ಇಷ್ಟಾಗಿ, ಇಪ್ಪತ್ತೊಂದರ ಹುಡುಗನನ್ನು ತಲೆಯ ಮೇಲೆ ಹೊತ್ತು ಕುಣಿದವರು, ಆತನ ಉಡುಗೆಯನ್ನೂ ಠೀವಿಯನ್ನೂ ಕೊಂಡಾಡಿದವರು ನಾವೇ ಅಲ್ಲವೇ? ಸೊನ್ನೆ ಹೊಡೆದ ದಿನ ತಲೆಯಿಂದ ಇಳಿಸಿದವರೂ ನಾವೇ.

ಈ ಸಿಟ್ಟು ನಮ್ಮ ದೇಶದ್ದು ಮಾತ್ರವಲ್ಲ. ಜಾರ್ಜ್ ಬೆಸ್ಟ್ ಎಂಬ ಉತ್ತರ ಐರ್ಲೆಂಡಿನ ಫುಟ್‌ಬಾಲ್ ಆಟಗಾರ 1968ರಲ್ಲಿ ಯೂರೋಪಿನ ಶ್ರೇಷ್ಠ ಆಟಗಾರನೆನಿಸಿದ. ಇಪ್ಪತ್ತೇಳರ ವಯಸ್ಸಿಗೆ ಮ್ಯಾಂಚೆಸ್ಟರ್ ಯುನೈಟೆಡ್ ತಂಡದಲ್ಲಿ ಆತನ ಆಟ ಮುಗಿದಿತ್ತು. 2002ರಲ್ಲಿ ಆತನಿಗೆ ಬೇರೆಯವರ ಯಕೃತ್ತನ್ನು ಜೋಡಿಸಿದರು. ಆ ಮೇಲೂ ಕುಡಿದ. 2005ರ ನವೆಂಬರ್ 25ರಂದು ತೀರಿಕೊಂಡ. ‘ದಾನವಾಗಿ ಬಂದ ಯಕೃತ್ತನ್ನೂ ಹಾಳುಮಾಡಿದ’ ಎಂದು ಜನ ರೇಗಿದರು. ಆತನ ತಾಯಿಯನ್ನೂ ಕುಡಿತವೇ ಬಲಿ ತೆಗೆದುಕೊಂಡಿತ್ತು ಎಂಬುದು ಅನೇಕರ ಗಮನಕ್ಕೆ ಬರಲಿಲ್ಲ.

ಸಾವಿನ ಬಾಗಿಲಿಗೆ ಹೋಗಿ ಬಂದವನು ಮತ್ತೆ ಅತ್ತಲೇ ಏಕೆ ನಡೆಯುತ್ತಾನೆ? ಉತ್ತರಕ್ಕೆ ನಮ್ಮ ಭಾರತ ಕಥೆಯನ್ನೇ ನೋಡಬಹುದು. ಧರ್ಮರಾಯ ಮೊದಲ ಜೂಜಿನಲ್ಲಿ ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲವನ್ನೂ ಸೋತ. ಧೃತರಾಷ್ಟ್ರ ಎಲ್ಲವನ್ನೂ ಮರಳಿಸಿದ. ಆದರೂ ಮತ್ತೊಮ್ಮೆ ಕರೆ ಬಂದಾಗ ಧರ್ಮರಾಯ ಹಿಂದಿರುಗಿ ಹೋಗಿ ಪಗಡೆಗೆ ಕುಳಿತ. ಆತನಿಗೆ ಬುದ್ಧಿಯಿರಲಿಲ್ಲವೆಂದು ಯಾರು ಹೇಳುತ್ತಾರೆ? ವ್ಯಸನ ಬುದ್ಧಿಯ ಮಾತನ್ನು ಕೇಳುವುದಿಲ್ಲ. ಇಂದಿನ ವೈದ್ಯರು ಹೇಳುವುದೂ ಇದನ್ನೇ: ಮದ್ಯದ ಚಟ ಒಂದು ರೋಗ, ಅದು ಮೆದುಳು ಸುಖವನ್ನು ಅರಿಯುವ ರೀತಿಯನ್ನೇ ಬದಲಿಸುತ್ತದೆ, ಬಿಟ್ಟವನು ಮತ್ತೆ ಬೀಳುವುದು ಆ ರೋಗದ ಲಕ್ಷಣಗಳಲ್ಲಿ ಒಂದು. ಇನ್ನೊಂದು ಮಾತನ್ನು ತಾಯಂದಿರು ದಯವಿಟ್ಟು ನೆನಪಿನಲ್ಲಿಡಬೇಕು. ಬಹುಕಾಲ ವಿಪರೀತ ಕುಡಿದವನನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋದರೆ ಫಿಟ್ಸ್ ಬರಬಹುದು, ಮತಿಭ್ರಮಣೆಯಾಗಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರ ಕೈಗೊಪ್ಪಿಸಿಯೇ ಬಿಡಿಸಬೇಕು.

ಹಾಗಾದರೆ ಗುಣವಿಲ್ಲವೇ? ಉಂಟು. ಆರ್ಸೆನಲ್ ತಂಡದ ನಾಯಕ ಟೋನಿ ಆಡಮ್ಸ್ 1990ರಲ್ಲಿ ಕುಡಿದು ಕಾರು ಓಡಿಸಿ ಸೆರೆಮನೆ ಸೇರಿದ್ದ. 1996ರಲ್ಲಿ ತಂಡದ ಗೆಳೆಯರ ಮುಂದೆ ನಿಂತು ‘ನಾನು ಕುಡುಕ’ ಎಂದು ಒಪ್ಪಿಕೊಂಡ. ತಂಡ ಆತನನ್ನು ಹೊರಗೆ ಹಾಕಲಿಲ್ಲ. ಆತನ ನಾಯಕತ್ವದಲ್ಲಿಯೇ 1998ರಲ್ಲೂ 2002ರಲ್ಲೂ ಲೀಗ್ ಹಾಗೂ ಎಫ್.ಎ. ಕಪ್ ಎರಡನ್ನೂ ಗೆದ್ದಿತು. ಆತ ತನ್ನಂಥ ಆಟಗಾರರಿಗಾಗಿ ಒಂದು ಚಿಕಿತ್ಸಾಲಯವನ್ನೂ ತೆರೆದ. ಹೇಳಿಕೊಳ್ಳುವುದಕ್ಕೆ ಒಂದು ಜಾಗವಿತ್ತು, ಕೇಳಿಸಿಕೊಳ್ಳುವವರಿದ್ದರು. ಮೊದಲ ಹೆಜ್ಜೆಗೆ ಅಷ್ಟು ಸಾಕಾಯಿತು. ನಮ್ಮಲ್ಲಿಯೂ 1983ರಲ್ಲಿ ವಿಶ್ವಕಪ್ ಗೆದ್ದ ಹಿರಿಯರು ಕಾಂಬ್ಳಿಯವರ ಚಿಕಿತ್ಸೆಗೆ ನೆರವಾಗಲು ಮುಂದೆ ಬಂದರು. ಸುನಿಲ್ ಗಾವಸ್ಕರ್ ಅವರ ಪ್ರತಿಷ್ಠಾನ 2025ರಲ್ಲಿ ತಿಂಗಳಿಗೆ 30,000 ರೂಪಾಯಿಗಳ ನೆರವನ್ನು ಗೊತ್ತುಮಾಡಿತು. ಮುಂದೆ ಶತಕ ಬಾರದೆಂದು ತಿಳಿದೂ ಮಾಡಿದ ಉಪಕಾರ ಇದು. ಅಭಿಮಾನಕ್ಕೆ ಶೋಭೆ ತರುವುದು ಇಂಥ ನಡತೆ.

ಈಗ ನಮ್ಮ ಮನೆಯ ವಿಚಾರಕ್ಕೆ ಬರುತ್ತೇನೆ. ಗುಜರಾತು 1960ರಲ್ಲಿ ರಾಜ್ಯವಾದಂದಿನಿಂದ ಪಾನನಿರೋಧದ ನಾಡು. ಇಲ್ಲಿಗೆ ಬಂದ ಕನ್ನಡ ತಾಯಂದಿರು ‘ಸದ್ಯ, ಮಕ್ಕಳಿಗೆ ಆ ಭಯವಿಲ್ಲ’ ಎಂದು ನಿಟ್ಟುಸಿರು ಬಿಡುವುದು ಸಹಜ. ಕಾಯಿದೆಯಿಂದ ಉಪಕಾರವಾಗಿರುವುದು ನಿಜ. ಆದರೆ 2022ರ ಜುಲೈನಲ್ಲಿ ಬೋಟಾದ್ ಕಡೆ ವಿಷ ಬೆರೆತ ಸಾರಾಯಿ ಕುಡಿದು 40ಕ್ಕೂ ಹೆಚ್ಚು ಮಂದಿ ಸತ್ತದ್ದು ಇದೇ ರಾಜ್ಯದಲ್ಲಿ. ಕಾಯಿದೆ ಅಂಗಡಿಯ ಬಾಗಿಲನ್ನು ಮುಚ್ಚೀತು. ಮನೆಯೊಳಗಿನ ಸಂಕಟವನ್ನು ಅದು ಹೇಗೆ ಕಂಡೀತು? ಕುಡಿಯುವುದೇ ಅಪರಾಧವಾದ ಕಡೆ ‘ನನ್ನ ಮಗ ಕುಡಿಯುತ್ತಾನೆ, ಏನು ಮಾಡಲಿ?’ ಎಂದು ಕೇಳುವುದಕ್ಕೂ ಬಾಯಿ ಬಾರದು.

ಪರಊರಿನಲ್ಲಿರುವ ನಮಗೆ ಇನ್ನೊಂದು ತೊಡಕು. ಊರಿನಲ್ಲಾದರೆ ಸೋದರಮಾವನೋ ದೊಡ್ಡಪ್ಪನೋ ಬಂದು ಗದರಿಸಿ, ಸಂತೈಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಇಲ್ಲಿ ನಮ್ಮವರೆಂದರೆ ಕನ್ನಡ ಸಂಘದ ಕೆಲವು ಮನೆಗಳು. ಒಂದು ಮನೆಯಲ್ಲಿ ಆಡಿದ ಮಾತು ಸಂಜೆಗೆ ಎಲ್ಲ ಮನೆಗಳಿಗೂ ಮುಟ್ಟುತ್ತದೆ. ‘ನಾಲ್ಕು ಜನ ಏನೆಂದಾರು’ ಎಂಬ ಅಂಜಿಕೆಯಿಂದ ತಾಯಿ ಮುಚ್ಚಿಡುತ್ತಾಳೆ, ತಂದೆ ಸುಮ್ಮನಿರುತ್ತಾನೆ, ಹಬ್ಬದ ಕೂಟಕ್ಕೆ ಬರುವುದನ್ನೇ ಬಿಡುತ್ತಾರೆ. ಆ ನಾಲ್ಕು ಜನ ಯಾರು? ಈ ಸಭೆಯಲ್ಲಿ ಕುಳಿತಿರುವ ನಾವೇ.

ಆದ್ದರಿಂದ ನನ್ನ ವಿಜ್ಞಾಪನೆ ಇಷ್ಟೆ. ಮಕ್ಕಳು ಬಯಲಿನಲ್ಲಿ ಚೆನ್ನಾಗಿ ಆಡಿದಾಗ ಹೊಗಳೋಣ. ಆಡದ ದಿನವೂ ಅದೇ ಪ್ರೀತಿಯಿಂದ ಊಟಕ್ಕೆ ಕರೆಯೋಣ. ಯಾವುದಾದರೂ ಮನೆಯವರು ಕೂಟಕ್ಕೆ ಬರುವುದನ್ನು ನಿಲ್ಲಿಸಿದರೆ ಕಾರಣವನ್ನು ಬೇರೆಯವರಲ್ಲಿ ವಿಚಾರಿಸದೆ, ನಾವೇ ಅವರ ಬಾಗಿಲಿಗೆ ಹೋಗೋಣ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ರೋಗಕ್ಕೆಂದೇ ಪ್ರತ್ಯೇಕ ವಿಭಾಗವಿದೆ; ವ್ಯಸನಮುಕ್ತಿಗಾಗಿ 14446 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ; ಅದಕ್ಕೆ ಹಣ ಕೊಡಬೇಕಾಗಿಲ್ಲ. ಈ ಸಂಖ್ಯೆಯನ್ನು ಸಂಘದ ಫಲಕದ ಮೇಲೆ ಕಾರ್ಯಕ್ರಮದ ಪಟ್ಟಿಯ ಪಕ್ಕದಲ್ಲಿಯೇ ಬರೆದಿಡಬೇಕೆಂದು ಕಾರ್ಯದರ್ಶಿಗಳನ್ನು ಪ್ರಾರ್ಥಿಸುತ್ತೇನೆ.

ದೂರದ ಆಟಗಾರನ ವ್ಯಸನವನ್ನು ನಾವು ಬಿಡಿಸಲಾರೆವು. ಅದನ್ನು ನೋಡಿ ನಮಗಾದ ವ್ಯಸನ ಬರಿಯ ಹಳಹಳಿಕೆಯಾಗಿ ಉಳಿಯದೆ, ಹತ್ತಿರದ ಮನೆಯೊಂದರ ಬಾಗಿಲು ತಟ್ಟುವಷ್ಟು ಮನಸ್ಸನ್ನು ಕೊಟ್ಟರೆ ಸಾಕು. ಸಿರಿಗನ್ನಡಂ ಗೆಲ್ಗೆ.