ಮಂತ್ರಕ್ಕೆ ಎದುರಾಗಿ ಒಂದು ದಾಳ

(ಆಟಗಳ ಚರಿತ್ರೆಯನ್ನು ಕುರಿತ ಉಪನ್ಯಾಸವೊಂದರ ಬರಹರೂಪ)



ಇವತ್ತು ನಾನು ಮಾತನಾಡುವುದು ಎಲ್ಲೂ ಇಲ್ಲದ ಮಾಂತ್ರಿಕರ ಬಗ್ಗೆ. ಅವರಿಗೆ ಗಡ್ಡವಿದೆ, ದಂಡವಿದೆ, ಮಂತ್ರವಿದೆ. ಆದರೆ ಅವರು ಬದುಕಿರುವುದು ಮೇಜಿನ ಸುತ್ತ ಕೂತ ನಾಲ್ಕೈದು ಜನರ ಮಾತಿನಲ್ಲಿ ಮಾತ್ರ. ಅಂಥ ಮಾಂತ್ರಿಕ ಹಾಕಿದ ಮಂತ್ರವನ್ನು ಎದುರಾಳಿ ಸುಲಭವಾಗಿ ಕೊಡವಿಕೊಂಡು ಏಳದಂತೆ ಮಾಡುವುದು ಹೇಗೆ? ಇದು ಮಕ್ಕಳಾಟದ ಪ್ರಶ್ನೆ ಎಂದು ನಿಮಗೆ ಅನ್ನಿಸಬಹುದು. ಆದರೆ ಅರ್ಧ ಶತಮಾನದಲ್ಲಿ ಇದಕ್ಕೆ ಸಿಕ್ಕ ಉತ್ತರಗಳನ್ನು ಸಾಲಾಗಿ ಇಟ್ಟು ನೋಡಿದರೆ ಅದರೊಳಗೆ ದೊಡ್ಡದೊಂದು ಪ್ರಶ್ನೆ ಕಾಣುತ್ತದೆ. ಬಲ ಇರುವವನಿಗೆ ಎಷ್ಟು ಬಲ ಕೊಡಬೇಕು? ಅವನ ಎದುರು ನಿಂತವನಿಗೆ ಎಷ್ಟು ಅವಕಾಶ ಉಳಿಸಬೇಕು?

ಮೊದಲು ಆಟದ ಪರಿಚಯ. ಒಬ್ಬರು ಸೂತ್ರಧಾರರಾಗಿ ಕಥೆಯನ್ನು ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬ ಯೋಧ, ಒಬ್ಬ ಕಳ್ಳ, ಒಬ್ಬ ಮಾಂತ್ರಿಕ ಹೀಗೆ. ವೇಷವಿಲ್ಲ, ರಂಗಸ್ಥಳವಿಲ್ಲ. ‘ನಾನು ಬಾಗಿಲು ಒದೆಯುತ್ತೇನೆ’ ಎಂದರೆ ಒದೆದಂತೆ. ಬಾಗಿಲು ಮುರಿಯಿತೋ ಇಲ್ಲವೋ ಎಂಬ ಸಂದೇಹ ಬಂದಾಗ ಮಾತ್ರ ದಾಳ ಉರುಳುತ್ತದೆ. ನಮ್ಮ ಪಗಡೆಯ ದಾಳದಂತಲ್ಲ, ಇಪ್ಪತ್ತು ಮುಖಗಳ ದಾಳ ಅದು. ಬಿದ್ದ ಗರ ಬೇಕಾದಷ್ಟಿದ್ದರೆ ಗೆಲುವು, ಇಲ್ಲದಿದ್ದರೆ ಸೋಲು. ಒಂದು ಗರ ಹೆಚ್ಚು ಕಡಿಮೆಯಾದರೆ ನೂರಕ್ಕೆ ಐದರ ವ್ಯತ್ಯಾಸ ಎಂಬುದನ್ನು ನೆನಪಿಡಿ. ಮುಂದಿನ ಲೆಕ್ಕಕ್ಕೆಲ್ಲ ಅದೇ ಕೀಲಿಕೈ.

ಈ ಬಗೆಯ ಆಟಗಳಲ್ಲಿ ಅಚ್ಚಾಗಿ ಮಾರಾಟಕ್ಕೆ ಬಂದ ಮೊದಲನೆಯದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ ಈ ಆಟ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂತು. ಇಬ್ಬರೂ ಪುಟ್ಟ ಗೊಂಬೆ ಸೈನಿಕರನ್ನು ಮೇಜಿನ ಮೇಲೆ ಹರಡಿ ಯುದ್ಧದಾಟ ಆಡುತ್ತಿದ್ದವರು. ಆ ಯುದ್ಧದಾಟಗಳಲ್ಲಿ ಒಂದು ಪದ್ಧತಿ ಇತ್ತು. ಸೈನಿಕನಿಗೆ ಪೆಟ್ಟು ಬಿದ್ದ ಮೇಲೂ ಅವನು ಉಳಿದುಕೊಂಡನೇ ಎಂದು ನೋಡಲು ಕೊನೆಯದಾಗಿ ಒಮ್ಮೆ ದಾಳ ಎಸೆಯುವುದು. ಅದಕ್ಕೆ ‘ಸೇವಿಂಗ್ ಥ್ರೋ’ ಎಂದು ಹೆಸರು. ನಾವು ‘ಪಾರಾಗುವ ಎಸೆತ’ ಎನ್ನೋಣ. ಹೊಸ ಆಟದಲ್ಲಿ ಈ ಎಸೆತ ವಿಷಕ್ಕೆ, ಡ್ರ್ಯಾಗನ್ನಿನ ಬೆಂಕಿಯುಸಿರಿಗೆ, ಕಲ್ಲಾಗಿಸುವ ಶಾಪಕ್ಕೆ, ಮಂತ್ರಕ್ಕೆ ಎದುರಾಗಿ ಸಿಗುವ ಕೊನೆಯ ಅವಕಾಶವಾಯಿತು.

1974ರ ಪಟ್ಟಿಯನ್ನು ನೋಡಿ. ಆಗಷ್ಟೇ ಕತ್ತಿ ಹಿಡಿದ ಯೋಧ ಮಂತ್ರದಿಂದ ಪಾರಾಗಲು 16 ಅಥವಾ ಅದಕ್ಕಿಂತ ಹೆಚ್ಚಿನ ಗರ ಬೀಳಬೇಕು. ಅಂದರೆ ನೂರಕ್ಕೆ 25ರ ಅವಕಾಶ. ಹದಿಮೂರನೆಯ ಹಂತಕ್ಕೇರಿದ ಮಹಾಯೋಧನಿಗೆ 8 ಬಿದ್ದರೆ ಸಾಕು, ನೂರಕ್ಕೆ 65. ಇದರಲ್ಲಿ ಒಂದು ಸಂಗತಿ ನಿಮ್ಮ ಗಮನಕ್ಕೆ ಬಂದಿರಬಹುದು. ಮಂತ್ರ ಹಾಕಿದವನು ಯಾರು ಎಂಬ ಪ್ರಶ್ನೆಯೇ ಈ ಲೆಕ್ಕದಲ್ಲಿಲ್ಲ! ನಿನ್ನೆ ಮಂತ್ರ ಕಲಿತ ಶಿಷ್ಯ ಹಾಕಿದರೂ ಅಷ್ಟೇ, ಅವನ ಗುರು ಹಾಕಿದರೂ ಅಷ್ಟೇ. ಮಾಂತ್ರಿಕ ಬೆಳೆದಂತೆ ಅವನ ಬೆಂಕಿಯುಂಡೆ ಹೆಚ್ಚು ಸುಡುತ್ತಿತ್ತು, ನಿಜ. ಆದರೆ ಅವನ ವೈರಿಗಳೂ ದೊಡ್ಡವರಾಗುತ್ತಿದ್ದರು, ದೊಡ್ಡವರಾದಷ್ಟೂ ಸುಲಭವಾಗಿ ಪಾರಾಗುತ್ತಿದ್ದರು. ಮಾಂತ್ರಿಕನ ಪಾತ್ರ ವಹಿಸಿದವರಿಗೆ ಇದು ಕಿರಿಕಿರಿ. ಯೋಧನ ಪಾತ್ರ ವಹಿಸಿದವರಿಗೆ ಇದೇ ಅಭಯ.

ಗೈಗ್ಯಾಕ್ಸ್ 1979ರಲ್ಲಿ ಸೂತ್ರಧಾರರಿಗಾಗಿ ಬರೆದ ಕೈಪಿಡಿಯಲ್ಲಿ ಇದನ್ನು ಸಮರ್ಥಿಸಿಕೊಂಡರು. ಅವರ ಉದಾಹರಣೆ ಸೊಗಸಾಗಿದೆ. ಒಬ್ಬನನ್ನು ಬಂಡೆಗೆ ಸರಪಳಿಯಿಂದ ಬಿಗಿದಿದ್ದಾರೆ, ಎದುರಿಗೆ ಡ್ರ್ಯಾಗನ್ ಬೆಂಕಿ ಉಗುಳುತ್ತಿದೆ. ಅವನು ಪಾರಾಗುವುದಾದರೂ ಹೇಗೆ? ಆದರೂ ಎಸೆತ ಕೊಡಬೇಕು ಎನ್ನುತ್ತಾರೆ ಅವರು. ಕೊನೆಯ ಗಳಿಗೆಯಲ್ಲಿ ಅವನು ಜ್ವಾಲೆಯ ಕೆಳಗೆ ಕುಸಿದಿರಬಹುದು, ಬಂಡೆಯಲ್ಲೊಂದು ಬಿರುಕು ಸಿಕ್ಕಿರಬಹುದು. ಗರ ಬಿದ್ದ ಮೇಲೆ ಕಾರಣ ಹುಡುಕಿದರಾಯಿತು. ಕಥಾನಾಯಕ ಆದವನಿಗೆ ಒಂದು ಅವಕಾಶ ಇದ್ದೇ ಇರಬೇಕು ಎಂಬುದು ಆ ಮಾತಿನ ಸಾರ.

ಈ ಗೋಡೆಯಲ್ಲಿ ಸಣ್ಣದೊಂದು ಕಿಂಡಿ ಕಾಣಿಸಿದ್ದು 1989ರ ಎರಡನೆಯ ಆವೃತ್ತಿಯಲ್ಲಿ. ಒಂದೇ ಬಗೆಯ ಮಂತ್ರವಿದ್ಯೆಯಲ್ಲಿ ಪಳಗಿದ ಮಾಂತ್ರಿಕ ತನ್ನ ಶಾಖೆಯ ಮಂತ್ರ ಹಾಕಿದರೆ ಎದುರಾಳಿಯ ಗರದಿಂದ 1 ಕಳೆಯಬೇಕು ಎಂಬ ನಿಯಮ ಬಂತು. ನೂರಕ್ಕೆ ಐದರಷ್ಟೇ ಲಾಭ. ಆದರೂ ಹಾಕುವವನ ಕುಶಲತೆಗೆ ಲೆಕ್ಕದಲ್ಲಿ ಒಂದು ಜಾಗ ಸಿಕ್ಕಿತು.

ಆಟದ ಒಡೆತನ 1997ರಲ್ಲಿ ‘ವಿಜರ್ಡ್ಸ್ ಆಫ್ ದಿ ಕೋಸ್ಟ್’ ಕಂಪನಿಯ ಪಾಲಾಯಿತು. 2000ದಲ್ಲಿ ಬಂದ ಮೂರನೆಯ ಆವೃತ್ತಿ ಈ ಗೋಡೆಯನ್ನೇ ಕೆಡವಿತು. ಪಾರಾಗುವ ಎಸೆತಗಳು ಮೂರಾದವು: ದೇಹದ ತಾಳಿಕೆ, ಚುರುಕು, ಮನೋಬಲ. ದಾಟಬೇಕಾದ ಅಂಕವನ್ನು ಈಗ ಮಾಂತ್ರಿಕನೇ ನಿಗದಿ ಮಾಡುತ್ತಾನೆ. ಹತ್ತಕ್ಕೆ ಮಂತ್ರದ ದರ್ಜೆಯನ್ನೂ ಅವನ ಬುದ್ಧಿಶಕ್ತಿಯ ಅಂಕವನ್ನೂ ಕೂಡಿಸಿದರೆ ಅದೇ ಗಡಿ. ಮಂತ್ರದ ಒಂದು ಶಾಖೆಯಲ್ಲಿ ವಿಶೇಷ ಸಾಧನೆ ಮಾಡಿದರೆ ಇನ್ನೂ 2.

ಇದರ ಪರಿಣಾಮ ನೋಡಿ. ಇಪ್ಪತ್ತನೆಯ ಹಂತದ ಮಾಂತ್ರಿಕ ಒಂಬತ್ತನೆಯ ದರ್ಜೆಯ ಮಂತ್ರ ಹಾಕುತ್ತಾನೆ, ಅವನ ಬುದ್ಧಿಯ ಅಂಕ 8 ಎಂದಿಟ್ಟುಕೊಳ್ಳಿ. ಗಡಿ 27 ಆಯಿತು. ಅದೇ ಹಂತದ ಯೋಧನ ಮನೋಬಲ 6, ವಿವೇಕಕ್ಕೆ ಇನ್ನೊಂದು, ಒಟ್ಟು 7. ಮಾಂತ್ರಿಕ ವಸ್ತುಗಳ ರಕ್ಷಣೆ ಇಲ್ಲದಿದ್ದರೆ ಅವನಿಗೆ 20ರ ಗರವೇ ಬೀಳಬೇಕು. ಹಳೆಯ ಪಟ್ಟಿಯಲ್ಲಿ ನೂರಕ್ಕೆ 65 ಸಲ ಪಾರಾಗುತ್ತಿದ್ದ ಮಹಾಯೋಧ ಈಗ ನೂರಕ್ಕೆ 5 ಸಲ ಪಾರಾಗುತ್ತಾನೆ. ಮಾಂತ್ರಿಕನ ದೂರು ತೀರಿತು, ಯೋಧನ ದೂರು ಶುರುವಾಯಿತು. 2003ರ ಪರಿಷ್ಕರಣೆಯಲ್ಲಿ ವಿಶೇಷ ಸಾಧನೆಯ 2ನ್ನು 1ಕ್ಕೆ ಇಳಿಸಿದರು.

2008ರ ನಾಲ್ಕನೆಯ ಆವೃತ್ತಿ ಮತ್ತೊಂದು ಹೆಜ್ಜೆ ಇಟ್ಟಿತು. ಎದುರಾಳಿಯ ರಕ್ಷಣೆ ಸ್ಥಿರ ಅಂಕವಾಯಿತು, ದಾಳ ಮಾಂತ್ರಿಕನ ಕೈಗೆ ಬಂತು. ಲೆಕ್ಕದಲ್ಲಿ ಇದರಿಂದ ದೊಡ್ಡ ವ್ಯತ್ಯಾಸವಿಲ್ಲ, ಮನಸ್ಸಿಗೆ ಇದೆ. ನನ್ನ ಪ್ರಾಣ ಉಳಿಸಿಕೊಳ್ಳಲು ನಾನೇ ದಾಳ ಎಸೆಯುವುದು ಬೇರೆ, ಇನ್ನೊಬ್ಬರು ಎಸೆಯುವುದನ್ನು ನೋಡುತ್ತ ಕೂರುವುದು ಬೇರೆ. ಚೌಕಾಬಾರ ಆಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

2014ರ ಐದನೆಯ ಆವೃತ್ತಿ ದಾಳವನ್ನು ಎದುರಾಳಿಗೆ ಹಿಂದಿರುಗಿಸಿತು ಮತ್ತು ಅಂಕಗಳಿಗೆ ಕಡಿವಾಣ ಹಾಕಿತು. ಈಗ ಗಡಿ ಎಂದರೆ ಎಂಟು, ಮಾಂತ್ರಿಕನ ಪರಿಣತಿ, ಅವನ ಸಾಮರ್ಥ್ಯ ಇವುಗಳ ಮೊತ್ತ. ಮಾಂತ್ರಿಕ ವಸ್ತುಗಳಿಲ್ಲದೆ ಸಾಮಾನ್ಯವಾಗಿ ಅದು 19 ದಾಟದು. ಹಾಗಾದರೆ ಇವತ್ತಿನ ಮಾಂತ್ರಿಕ ತನ್ನ ಮಂತ್ರವನ್ನು ಬಿಗಿ ಮಾಡುವುದು ಹೇಗೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎದುರಿಗೆ ‘ಓಗರ್’ ಎಂಬ ದೈತ್ಯ, ನಮ್ಮ ಬಕಾಸುರನ ಜಾತಿಯವನು. ಮಾಂತ್ರಿಕನ ಗಡಿ 15. ದೇಹವನ್ನು ಬಳಲಿಸುವ ಮಂತ್ರ ಹಾಕಿದರೆ ದೈತ್ಯನಿಗೆ ಗರದ ಮೇಲೆ 3 ಸೇರುತ್ತದೆ, ನೂರಕ್ಕೆ 45 ಸಲ ಪಾರಾಗುತ್ತಾನೆ. ಗಡಿಯನ್ನು 1 ಏರಿಸುವ ಅಪರೂಪದ ದಂಡವೊಂದನ್ನು ಸಂಪಾದಿಸಿದರೆ 45 ಇದ್ದದ್ದು 40 ಆಗುತ್ತದೆ. ಇನ್ನೊಂದು ಉಪಾಯವಿದೆ. ಮಾಂತ್ರಿಕರಲ್ಲಿ ಒಂದು ಪಂಗಡದವರು ತಮ್ಮ ಶಕ್ತಿಯನ್ನು ಖರ್ಚು ಮಾಡಿ, ಎದುರಾಳಿ ಎರಡು ಸಲ ದಾಳ ಎಸೆದು ಕಡಿಮೆ ಗರವನ್ನೇ ಒಪ್ಪಿಕೊಳ್ಳುವಂತೆ ಮಾಡಬಲ್ಲರು. ಆಗ 45 ಸುಮಾರು 20ಕ್ಕೆ ಇಳಿಯುತ್ತದೆ. ಈಗ ಈ ಯಾವುದೂ ಬೇಡ ಎನ್ನಿ. ದೇಹದ ಬದಲು ಮನಸ್ಸನ್ನು ಕಟ್ಟಿಹಾಕುವ ಮಂತ್ರ ಹಾಕಿ. ದೈತ್ಯನ ವಿವೇಕ ಕಡಿಮೆ, ಗರದಿಂದ 2 ಕಳೆಯಬೇಕು. ಅವನು ಪಾರಾಗುವುದು ನೂರಕ್ಕೆ 20 ಸಲ!

ಶಕ್ತಿ ಸುರಿದು ಪಡೆದದ್ದನ್ನೇ ಎದುರಾಳಿಯನ್ನು ಅರಿತವನು ಪುಕ್ಕಟೆ ಪಡೆದ. ಈ ಅರಿವಿಗೆ ಬೆಲೆ ಇರುವುದು, ಗಡಿ ಎಲ್ಲರ ಕೈಗೂ ಎಟಕುವಷ್ಟರಲ್ಲಿ ಇದ್ದಾಗ ಮಾತ್ರ. ಗಡಿ 27 ಆಗಿದ್ದರೆ ದೈತ್ಯನ ದೇಹವೂ ಒಂದೇ, ಮನಸ್ಸೂ ಒಂದೇ. ಯೋಚಿಸುವ ಗೋಜೇ ಇರುತ್ತಿರಲಿಲ್ಲ.

ಇನ್ನೂ ಒಂದು ದಾರಿ ಇದೆ, ಕೇಳಿದರೆ ನಿಮಗೆ ಶಕುನಿಯ ನೆನಪಾಗುತ್ತದೆ. ಭವಿಷ್ಯ ನೋಡುವ ಮಾಂತ್ರಿಕ ನಿದ್ದೆಯಿಂದ ಎದ್ದ ಕೂಡಲೇ ಎರಡು ಗರ ಎಸೆದು ಇಟ್ಟುಕೊಳ್ಳುತ್ತಾನೆ. ಮುಂದೆ ವೈರಿ ದಾಳ ಎಸೆಯುವ ಹೊತ್ತಿಗೆ ‘ನಿನಗೆ ಬಿದ್ದದ್ದು ಈ ಗರ’ ಎಂದು ತನ್ನದನ್ನು ಮುಂದಿಡಬಹುದು. ಮೋಸವಲ್ಲ, ನಿಯಮವೇ ಕೊಟ್ಟ ಹಕ್ಕು. ಅದಕ್ಕೆ ಪ್ರತಿಯಾಗಿ ನಿಯಮ ಮಹಾವೈರಿಗಳಿಗೂ ಒಂದು ಹಕ್ಕು ಕೊಟ್ಟಿದೆ. ಮುದಿ ಡ್ರ್ಯಾಗನ್ನಿನಂಥದ್ದು ದಿನಕ್ಕೆ ಕೆಲವು ಸಲ, ಎಸೆತ ಸೋತರೂ ಗೆದ್ದೆ ಎಂದುಕೊಳ್ಳಬಹುದು. 2024ರ ಪರಿಷ್ಕರಣೆಯಲ್ಲಿ ಆ ಎರಡು ಎಸೆತದ ಉಪಾಯದ ಖರ್ಚನ್ನು 3ರಿಂದ 2ಕ್ಕೆ ಇಳಿಸಿದರು. ತಕ್ಕಡಿ ಇನ್ನೂ ತೂಗುತ್ತಲೇ ಇದೆ.

ಇದೆಲ್ಲ ಯಾಕೆ ಮುಖ್ಯ? ಮಂತ್ರಕ್ಕೆ ಸಿಕ್ಕವನು ಎಲ್ಲ ಸಲವೂ ಸೂತ್ರಧಾರನ ದೈತ್ಯನೇ ಆಗಿರುವುದಿಲ್ಲ. ಕೆಲವು ಸಲ ಅದು ಮೇಜಿನ ಬಳಿ ಕೂತ ನಿಮ್ಮ ಗೆಳತಿಯ ಪಾತ್ರ. ಅವಳ ಯೋಧ ಕಲ್ಲಾದರೆ ಅವಳು ಉಳಿದ ಸಂಜೆಯೆಲ್ಲ ಸುಮ್ಮನೆ ಕೂರಬೇಕು. ಅವನು ವಶೀಕರಣಕ್ಕೆ ಸಿಕ್ಕರೆ ತನ್ನ ಜೊತೆಗಾರರ ಮೇಲೆಯೇ ಅವಳು ಕತ್ತಿ ಎತ್ತಬೇಕು. ಸೋಲನ್ನು ಜನ ಒಪ್ಪುತ್ತಾರೆ. ದಾಳ ಎಸೆದು ಸೋತವಳು ನಕ್ಕು ಮುಂದಿನ ವಾರ ಮತ್ತೆ ಬರುತ್ತಾಳೆ. ಎಸೆಯುವುದೇ ವ್ಯರ್ಥ ಎಂದು ತಿಳಿದವಳು ಬರುವುದಿಲ್ಲ.

ಆದ್ದರಿಂದ ಮಾಂತ್ರಿಕನ ಪಾತ್ರ ವಹಿಸುವವರಿಗೆ ನನ್ನ ಮಾತು ಇಷ್ಟೆ. ಮಂತ್ರ ಬಿಗಿಯಾಗಲಿ, ಅದಕ್ಕಾಗಿ ಎದುರಾಳಿಯನ್ನು ಚೆನ್ನಾಗಿ ಅರಿಯಿರಿ. ಆದರೆ ಬಂಡೆಗೆ ಬಿಗಿದವನ ಬೆನ್ನ ಹಿಂದೆ ಒಂದು ಬಿರುಕು ಇರಲಿ. ಅದನ್ನೂ ಮುಚ್ಚಿಬಿಟ್ಟರೆ ಮಂತ್ರ ಗೆದ್ದೀತು, ಆಡಲು ಎದುರಿಗೆ ಯಾರೂ ಉಳಿಯುವುದಿಲ್ಲ.