ಒಂದು ಗೊತ್ತಿದ್ದರೆ ಆರೂ ಗೊತ್ತು



ಪ್ರಥಮ ಪಿಯುಸಿ ಗಣಿತದ ತ್ರಿಕೋನಮಿತಿಯಲ್ಲಿ ಇಂಥದೊಂದು ಲೆಕ್ಕ ಬರುತ್ತದೆ. ಒಂದು ಕೋನದ ಸೈನ್ ಬೆಲೆ 3/5. ಆ ಕೋನ ಎರಡನೇ ಚತುರ್ಥಕದಲ್ಲಿದೆ. ಉಳಿದ ಐದು ತ್ರಿಕೋನಮಿತೀಯ ಅನುಪಾತಗಳ ಬೆಲೆಗಳನ್ನು ಕಂಡುಹಿಡಿಯಿರಿ. ಕೋನ ಎಷ್ಟು ಡಿಗ್ರಿ ಎಂದು ಲೆಕ್ಕದಲ್ಲಿ ಹೇಳಿಲ್ಲ. ಉತ್ತರಕ್ಕೂ ಅದು ಬೇಕಾಗಿಲ್ಲ! ಇಷ್ಟೇ ಮಾಹಿತಿಯಿಂದ ಅಷ್ಟೆಲ್ಲ ಹೇಗೆ ತಿಳಿಯುತ್ತದೆ? ಹತ್ತಿರದಲ್ಲಿ ಕಾಗದ, ಪೆನ್ಸಿಲ್ ಇದ್ದರೆ ತೆಗೆದುಕೊಳ್ಳಿ, ಜೊತೆಯಲ್ಲೇ ಬಿಡಿಸೋಣ.

ಒಂದು ಅಡ್ಡಗೆರೆ, ಅದರ ನಡುವೆ ಹಾಯುವ ಒಂದು ನೆಟ್ಟಗೆರೆ ಎಳೆಯಿರಿ. ಕಾಗದ ನಾಲ್ಕು ಭಾಗವಾಯಿತು. ಬಲಮೇಲಿನದು ಒಂದನೇ ಚತುರ್ಥಕ. ಎಡಮೇಲಿನದು ಎರಡನೆಯದು, ಎಡಕೆಳಗಿನದು ಮೂರನೆಯದು, ಬಲಕೆಳಗಿನದು ನಾಲ್ಕನೆಯದು. ಗೆರೆಗಳು ಸೇರುವಲ್ಲಿಂದ 5 ಅಳತೆ ದೂರದಲ್ಲಿ ಒಂದು ಬಿಂದುವಿದೆ ಎನ್ನಿ. ಅಡ್ಡಗೆರೆಯ ಬಲಭಾಗದಿಂದ ಆ ಬಿಂದುವಿನ ಕಡೆಗೆ ತಿರುಗಿದಷ್ಟು ನಮ್ಮ ಕೋನ. ಅಡ್ಡಗೆರೆಯಿಂದ ಅದರ ಎತ್ತರವನ್ನು ಈ ದೂರದಿಂದ ಭಾಗಿಸಿದರೆ ಸೈನ್. ನೆಟ್ಟಗೆರೆಯಿಂದ ಅದು ಎಷ್ಟು ಪಕ್ಕಕ್ಕಿದೆಯೋ ಅದನ್ನು ದೂರದಿಂದ ಭಾಗಿಸಿದರೆ ಕೊಸೈನ್. ಎತ್ತರವನ್ನು ಪಕ್ಕದ ಅಳತೆಯಿಂದ ಭಾಗಿಸಿದರೆ ಟ್ಯಾನ್. ದೂರವನ್ನು 5ರ ಬದಲು 10 ಎಂದು, ಎತ್ತರವನ್ನು 3ರ ಬದಲು 6 ಎಂದು ಇಟ್ಟುಕೊಂಡರೂ ಅನುಪಾತ ಅದೇ.

ಸೈನ್ 3/5 ಆದ್ದರಿಂದ ಎತ್ತರ 3, ದೂರ 5. ಪಕ್ಕದ ಅಳತೆ ಎಷ್ಟು? ಪೈಥಾಗೊರಸ್ ಪ್ರಮೇಯ ಹೇಳುತ್ತದೆ: 5ರ ವರ್ಗ 25, ಅದರಲ್ಲಿ 3ರ ವರ್ಗ 9 ಕಳೆದರೆ 16. ಪಕ್ಕದ ಅಳತೆಯ ವರ್ಗ 16.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ವರ್ಗ 16 ಆಗುವ ಸಂಖ್ಯೆ 4 ಮಾತ್ರವಲ್ಲ, ಮೈನಸ್ 4 ಕೂಡ. ವರ್ಗ ಮಾಡಿದ ಕೂಡಲೇ ಚಿಹ್ನೆ ಅಳಿಸಿಹೋಗುತ್ತದೆ. ಅಳಿಸಿದ್ದನ್ನು ವರ್ಗಮೂಲ ತಾನಾಗಿ ಮರಳಿ ಕೊಡಲಾರದು. ಪಕ್ಕದೂರಿಗೆ ನಾಲ್ಕು ಮೈಲಿ ಎಂದರೆ ಸಾಲದು, ಎಡಕ್ಕೋ ಬಲಕ್ಕೋ ಎನ್ನುವುದೂ ಬೇಕಲ್ಲವೇ? ಆ ದಿಕ್ಕನ್ನು ಕೊಡುವುದೇ ಚತುರ್ಥಕ. ಮೇಲಕ್ಕೆ, ಬಲಕ್ಕೆ ಪ್ಲಸ್; ಕೆಳಕ್ಕೆ, ಎಡಕ್ಕೆ ಮೈನಸ್. ನಮ್ಮ ಬಿಂದು ಎಡಮೇಲೆ ಇದೆ. ಆದ್ದರಿಂದ ಎತ್ತರ ಪ್ಲಸ್ 3, ಪಕ್ಕದ ಅಳತೆ ಮೈನಸ್ 4.

ಇನ್ನು ಉಳಿದದ್ದು ಭಾಗಾಕಾರ. ಕೊಸೈನ್ ಮೈನಸ್ 4/5, ಟ್ಯಾನ್ ಮೈನಸ್ 3/4. ಸೈನ್, ಕೊಸೈನ್, ಟ್ಯಾನ್‌ಗಳನ್ನು ತಲೆಕೆಳಗು ಮಾಡಿದರೆ ಕ್ರಮವಾಗಿ ಕೊಸೆಕ್ 5/3, ಸೆಕ್ ಮೈನಸ್ 5/4, ಕಾಟ್ ಮೈನಸ್ 4/3. ಆರೂ ಸಿಕ್ಕವು.

ಈ ಉಪಾಯದ ಬೇರು ಬಹಳ ಹಳೆಯದು. ಕ್ರಿ.ಶ. 499ರ ಸುಮಾರಿನ ಆರ್ಯಭಟೀಯ ಗ್ರಂಥದಲ್ಲಿ ಇಂದಿನ ಸೈನ್‌ನ ಹಳೆಯ ರೂಪವಾದ ಜ್ಯಾ ಬೆಲೆಗಳ ಕೋಷ್ಟಕವಿದೆ. ಅದು ಕೊಡುವುದು ಒಂದು ಬೆಲೆಯಿಂದ ಮುಂದಿನದಕ್ಕಿರುವ 24 ವ್ಯತ್ಯಾಸಗಳನ್ನು, 225 ಕಲೆಗಳಿಗೊಂದರಂತೆ; ಒಂದು ಡಿಗ್ರಿಗೆ 60 ಕಲೆ. 24ನ್ನು 225ರಿಂದ ಗುಣಿಸಿದರೆ 5400 ಕಲೆ, ಅಂದರೆ 90 ಡಿಗ್ರಿ. ಇಡೀ ಆಕಾಶವನ್ನು ಅಳೆಯಬೇಕಾದ ಜ್ಯೋತಿರ್ಗಣಿತಕ್ಕೆ ಒಂದೇ ಚತುರ್ಥಕದ ಕೋಷ್ಟಕ ಸಾಕಾಯಿತು. ಬೆಲೆ ಎಷ್ಟು ದೊಡ್ಡದು ಎನ್ನುವುದು ಮೊದಲ 90 ಡಿಗ್ರಿಯಲ್ಲೇ ಬರೆದಾಗಿದೆ. ಉಳಿದ ಮೂರು ಚತುರ್ಥಕಗಳಲ್ಲಿ ಅವೇ ಬೆಲೆಗಳು ಮರಳುತ್ತವೆ, ಹೊಸದಾಗಿ ನೋಡಬೇಕಾದದ್ದು ಚಿಹ್ನೆಯೊಂದೇ.

ಈಗ ಇನ್ನೊಂದು ಲೆಕ್ಕ. ಟ್ಯಾನ್ ಬೆಲೆ 5/12, ಕೋನ ಮೂರನೇ ಚತುರ್ಥಕದಲ್ಲಿ. ಟ್ಯಾನ್ ಪ್ಲಸ್ ಇರುವುದನ್ನು ಕಂಡು ಎಲ್ಲವೂ ಪ್ಲಸ್ ಎಂದು ಬರೆದುಬಿಡುವ ಸಂಭವ ಹೆಚ್ಚು. ಬಿಂದು ಎಡಕೆಳಗೆ ಇದೆ, ಹಾಗಾಗಿ ಎತ್ತರ ಮೈನಸ್ 5, ಪಕ್ಕದ ಅಳತೆ ಮೈನಸ್ 12. ಮೈನಸ್ಸನ್ನು ಮೈನಸ್‌ನಿಂದ ಭಾಗಿಸಿದ್ದರಿಂದ ಟ್ಯಾನ್ ಪ್ಲಸ್ ಆಗಿ ಕಾಣುತ್ತಿದೆ, ಅಷ್ಟೆ. 25 ಮತ್ತು 144 ಕೂಡಿದರೆ 169, ದೂರ 13. ದೂರಕ್ಕೆ ಎಂದೂ ಮೈನಸ್ ಇಲ್ಲ. ಸೈನ್ ಮೈನಸ್ 5/13, ಕೊಸೈನ್ ಮೈನಸ್ 12/13.

ವರ್ಗಮೂಲ ಪೂರ್ಣಸಂಖ್ಯೆಯಾಗಿ ಬರದಿದ್ದರೂ ಅಂಜಬೇಕಿಲ್ಲ. ಕೊಸೈನ್ 1/3, ನಾಲ್ಕನೇ ಚತುರ್ಥಕ ಎಂದರೆ ಪಕ್ಕದ ಅಳತೆ 1, ದೂರ 3; 9ರಲ್ಲಿ 1 ಕಳೆದರೆ ಎತ್ತರದ ವರ್ಗ 8. ಬಿಂದು ಕೆಳಗಿರುವುದರಿಂದ ಎತ್ತರ ಮೈನಸ್ ವರ್ಗಮೂಲ 8. ಅದನ್ನು ಹಾಗೆಯೇ ಬರೆಯಿರಿ, ದಶಮಾಂಶಕ್ಕೆ ಇಳಿಸಬೇಡಿ.

ಲೆಕ್ಕ ಶುರುಮಾಡುವ ಮುನ್ನ ಪ್ರಶ್ನೆಯನ್ನೂ ಪರೀಕ್ಷಿಸಿ. ಮೂರನೇ ಚತುರ್ಥಕದಲ್ಲಿ ಸೈನ್ 3/5 ಎಂದಿದ್ದರೆ ಅಂಥ ಕೋನವೇ ಇಲ್ಲ. ಕೊಸೈನ್ 2 ಎಂದಿದ್ದರೂ ಇಲ್ಲ, ಏಕೆಂದರೆ ಪಕ್ಕದ ಅಳತೆ ದೂರವನ್ನು ಮೀರಲಾರದು.

ವಿದ್ಯಾರ್ಥಿಗಳಿಗೆ ನನ್ನ ಕಳಕಳಿಯ ಮಾತು ಒಂದೇ. ಯಾವ ಚತುರ್ಥಕದಲ್ಲಿ ಯಾವುದು ಪ್ಲಸ್ ಎಂಬ ಪಟ್ಟಿಯನ್ನು ಬಾಯಿಪಾಠ ಮಾಡುವ ಬದಲು ಬಿಂದುವನ್ನು ಗುರುತಿಸಿ, ಅದು ಮೇಲೋ ಕೆಳಗೋ, ಎಡಕ್ಕೋ ಬಲಕ್ಕೋ ನೋಡಿ. ಆ ಪಟ್ಟಿಯಲ್ಲಿರುವುದೆಲ್ಲ ಆ ಚಿತ್ರದಲ್ಲೇ ಇದೆ. ಪಟ್ಟಿ ಪರೀಕ್ಷೆಯ ಹೊತ್ತಿಗೆ ಮರೆತುಹೋಗಬಹುದು, ಚಿತ್ರವನ್ನು ಯಾವಾಗ ಬೇಕಾದರೂ ಬಿಡಿಸಿಕೊಳ್ಳಬಹುದು.